ಬಿಲ್ಡ್ ಟೋಕನ್‌ಗೆ ಎಷ್ಟು ಅಧಿಕಾರ ಬೇಕು?

ಗಿಟ್‌ಹಬ್‌ಗೆ ಕೋಡ್ ಪುಶ್ ಮಾಡುತ್ತೀರಿ. ಟೆಸ್ಟ್, ಬಿಲ್ಡ್, ರಿಲೀಸ್ ಎಲ್ಲ ತಾವಾಗಿಯೇ ನಡೆಯುತ್ತವೆ. ಆ ಕೆಲಸ ಮಾಡುವ ಗಿಟ್‌ಹಬ್ ಆಕ್ಷನ್ಸ್‌ಗೆ ನಿಮ್ಮ ರೆಪಾಸಿಟರಿಯೊಳಗೆ ಬರಲು ಅನುಮತಿ ಬೇಕಲ್ಲ? ಅದಕ್ಕಾಗಿ ಪ್ರತಿ ಜಾಬ್‌ಗೂ ಒಂದು ಟೋಕನ್ ಸಿಗುತ್ತದೆ. ಜಾಬ್ ಮುಗಿದ ಮೇಲೆ ಅದು ನಡೆಯುವುದಿಲ್ಲ. ನಾವು ಕೇಳದೆಯೇ ಬರುವ ವಸ್ತುವಾದ್ದರಿಂದ ಹೊಸಬರ ಗಮನ ಅದರ ಮೇಲೆ ಹೋಗುವುದೇ ಇಲ್ಲ.

ಆದರೆ ಆ ಜಾಬ್‌ನಲ್ಲಿ ಓಡುವುದು ನಿಮ್ಮ ಕೋಡ್ ಒಂದೇ ಅಲ್ಲ. ಯಾರೋ ಬರೆದ ಆಕ್ಷನ್‌ಗಳು, ಇನ್‌ಸ್ಟಾಲ್ ಆಗುವ ಪ್ಯಾಕೇಜ್‌ಗಳು ಕೂಡ ಅಲ್ಲೇ ಓಡುತ್ತವೆ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ 'ಚೇಂಜ್ಡ್-ಫೈಲ್ಸ್' ಎಂಬ ಆಕ್ಷನ್ ದಾಳಿಕೋರರ ಕೈಗೆ ಸಿಕ್ಕಿತು. 23,000ಕ್ಕೂ ಹೆಚ್ಚು ರೆಪಾಸಿಟರಿಗಳು ಅದನ್ನು ಬಳಸುತ್ತಿದ್ದವು. ಹಳೆಯ ವರ್ಷನ್ ಟ್ಯಾಗ್‌ಗಳನ್ನೇ ಅವರು ಕೆಟ್ಟ ಕೋಡ್‌ನತ್ತ ತಿರುಗಿಸಿದರು. ಅದು ಜಾಬ್ ಓಡಿಸುವ ಯಂತ್ರದ, ಅಂದರೆ ರನ್ನರ್‌ನ, ಮೆಮೊರಿಯಲ್ಲಿದ್ದ ಗುಟ್ಟುಗಳನ್ನು ತೆಗೆದು ಬಿಲ್ಡ್ ಲಾಗ್‌ಗೆ ಸುರಿಯಿತು. ಟೋಕನ್‌ನ ಆಯುಸ್ಸು ಚಿಕ್ಕದು, ನಿಜ. ಆದರೆ ಇಂಥ ಕೋಡ್ ಓಡುವುದು ಜಾಬ್‌ನ ಒಳಗೇ, ಟೋಕನ್ ಜೀವಂತವಾಗಿರುವಾಗಲೇ. ಟೋಕನ್‌ಗೆ ಬರೆಯುವ ಅಧಿಕಾರವಿದ್ದರೆ ನಿಮ್ಮ ಕೋಡನ್ನೇ ತಿದ್ದಲು ಕೆಲವು ನಿಮಿಷ ಸಾಕು.

ಹಾಗಾಗಿ ವರ್ಕ್‌ಫ್ಲೋ ಕಡತದ ಮೇಲ್ಭಾಗದಲ್ಲೇ 'ಪರ್ಮಿಷನ್ಸ್' ಎಂದು ಬರೆದು, ಕೆಳಗೆ 'ಕಂಟೆಂಟ್ಸ್: ರೀಡ್' ಎಂದು ಸೇರಿಸಿ. ಒಂದು ಅಧಿಕಾರವನ್ನು ಹೆಸರಿಸಿದ ಕೂಡಲೇ, ಹೆಸರಿಸದೆ ಬಿಟ್ಟವು ರದ್ದಾಗುತ್ತವೆ. ಮೆಟಾಡೇಟಾ ಓದುವುದೊಂದು ಮಾತ್ರ ಉಳಿಯುತ್ತದೆ. ಆಮೇಲೆ ಯಾವುದಾದರೂ ಜಾಬ್ ಅನುಮತಿಯಿಲ್ಲವೆಂದು 403 ದೋಷ ತೋರಿಸಿ ನಿಂತರೆ ಗಾಬರಿಯಾಗಬೇಡಿ. ಎಲ್ಲ ಅಧಿಕಾರವನ್ನೂ ಕೊಡುವ 'ರೈಟ್-ಆಲ್' ಹಾಕಿ ಪಾರಾಗುವ ಆಸೆಯೂ ಬೇಡ. ಜಾಬ್ ಏನು ಮಾಡಲು ಹೊರಟಿತ್ತು ಎಂದು ಲಾಗ್‌ನಲ್ಲಿ ನೋಡಿ, ಅಷ್ಟನ್ನೇ, ಆ ಜಾಬ್‌ಗೆ ಮಾತ್ರ ಕೊಡಿ. ಪುಲ್ ರಿಕ್ವೆಸ್ಟ್‌ನಲ್ಲಿ ಕಾಮೆಂಟ್ ಹಾಕಲು 'ಪುಲ್-ರಿಕ್ವೆಸ್ಟ್ಸ್: ರೈಟ್' ಸಾಕು, ಕೋಡ್ ಬದಲಿಸುವ ಅಧಿಕಾರ ಅದಕ್ಕೇಕೆ?

ಒಂದು ಜಾಬ್‌ನ ಎಲ್ಲ ಹಂತಗಳಿಗೂ ಟೋಕನ್ ಒಂದೇ ಎಂಬುದನ್ನು ಮಾತ್ರ ಚೆನ್ನಾಗಿ ನೆನಪಿಡಿ. ರಿಲೀಸ್ ಮಾಡಲು 'ಕಂಟೆಂಟ್ಸ್: ರೈಟ್' ಬೇಕೇ ಬೇಕು. ಅದೇ ಜಾಬ್‌ನಲ್ಲಿ ಪ್ಯಾಕೇಜ್‌ಗಳೂ ಇನ್‌ಸ್ಟಾಲ್ ಆದರೆ, ಅವುಗಳಿಗೂ ಆ ಅಧಿಕಾರ ಎಟುಕುತ್ತದೆ. ಆದ್ದರಿಂದ ಇನ್‌ಸ್ಟಾಲ್, ಟೆಸ್ಟ್, ಬಿಲ್ಡ್ ಓದುವ ಅಧಿಕಾರವಷ್ಟೇ ಇರುವ ಜಾಬ್‌ನಲ್ಲಿ ನಡೆಯಲಿ. ತಯಾರಾದ ಕಡತವನ್ನು ಆರ್ಟಿಫ್ಯಾಕ್ಟ್ ಆಗಿ ಪಡೆದು ಪ್ರಕಟಿಸುವ ಪುಟ್ಟ ಜಾಬ್ ಬೇರೆ ಇರಲಿ.

2023ರ ಫೆಬ್ರವರಿಯಿಂದ ವೈಯಕ್ತಿಕ ಖಾತೆಯ ಹೊಸ ರೆಪಾಸಿಟರಿ, ಹೊಸ ಸಂಸ್ಥೆಗಳಿಗೆ ಗಿಟ್‌ಹಬ್ ಮೊದಲಿಗೇ ಓದುವ ಅಧಿಕಾರವನ್ನಷ್ಟೇ ಕೊಡುತ್ತಿದೆ. ಹಳೆಯವುಗಳ ಸೆಟ್ಟಿಂಗ್ ಬದಲಾಗಿಲ್ಲ. ಅಂಥದ್ದು ನಿಮ್ಮಲ್ಲಿದ್ದರೆ ಸೆಟ್ಟಿಂಗ್ಸ್‌ನ 'ಆಕ್ಷನ್ಸ್' ವಿಭಾಗ ತೆರೆದು 'ವರ್ಕ್‌ಫ್ಲೋ ಪರ್ಮಿಷನ್ಸ್' ಅನ್ನು ನೀವೇ ಬದಲಿಸಬೇಕು.