ಕೋಶಪೊರೆಯ ಕಿರುದಾರಿಗಳು

ಪ್ರತಿಯೊಂದು ಜೀವಕೋಶವನ್ನೂ ತೆಳುವಾದ ಪೊರೆಯೊಂದು ಆವರಿಸಿಕೊಂಡಿದೆ. ಇದೇ ಕೋಶಪೊರೆ. ಕೊಬ್ಬಿನ ಜಾತಿಯ ಅಣುಗಳು ಎರಡು ಪದರಗಳಾಗಿ ಜೋಡಿಕೊಂಡು ಈ ಪೊರೆ ಆಗಿದೆ. ಕೊಬ್ಬಿಗೂ ನೀರಿಗೂ ಹೊಂದಿಕೆಯಿಲ್ಲ. ಆದುದರಿಂದ ನೀರಿನಲ್ಲಿ ಕರಗಿರುವ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಅಯಾನುಗಳು, ಎಂದರೆ ವಿದ್ಯುದಂಶವುಳ್ಳ ಕಣಗಳು, ಅದನ್ನು ನೇರವಾಗಿ ದಾಟಲಾರವು. ಅವು ಹಾದುಹೋಗಲು ಪೊರೆಯಲ್ಲಿ ಪ್ರೋಟೀನಿನ ಕಿರುನಾಳಗಳಿವೆ. ನರಗಳಲ್ಲಿ ಸಂದೇಶ ಹರಿಯುವುದೂ ಹೃದಯ ಮಿಡಿಯುವುದೂ ಈ ಸಂಚಾರವನ್ನೇ ಅವಲಂಬಿಸಿವೆ.

ನೀರಿನಲ್ಲಿ ಅಯಾನು ಒಂಟಿಯಾಗಿರುವುದಿಲ್ಲ. ನೀರಿನ ಅಣುಗಳು ಅದನ್ನು ಸುತ್ತುವರಿದಿರುತ್ತವೆ. ಹಾಗಾದರೆ ಒಂದು ಅಯಾನು ನಾಳವನ್ನು ದಾಟುವಾಗ ಎಷ್ಟು ನೀರಿನ ಅಣುಗಳು ಅದರೊಡನೆ ಸಾಗುತ್ತವೆ? ಕಣ್ಣಿಗೆ ಕಾಣದ ಈ ಅಣುಗಳನ್ನು ವಿಜ್ಞಾನಿಗಳು ವಿದ್ಯುತ್ತನ್ನು ಅಳೆದು ಎಣಿಸಿದರು.

ಇದಕ್ಕೆ ನೆರವಾದುದು ಗ್ರಾಮಿಸಿಡಿನ್. ರೆನೆ ಡುಬೋಸ್ ಎಂಬ ವಿಜ್ಞಾನಿ 1939ರಲ್ಲಿ ಮಣ್ಣಿನ ಬ್ಯಾಕ್ಟೀರಿಯದಿಂದ ಪಡೆದ ವಸ್ತುವಿದು. ಪೊರೆಯಲ್ಲಿ ಸೇರಿದಾಗ ಇದು ಸುಮಾರು 0.4 ನ್ಯಾನೊಮೀಟರ್ ಒಳವ್ಯಾಸದ ನಾಳವಾಗುತ್ತದೆ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನೀರಿನ ಅಣುವಿನ ವ್ಯಾಸವೇ ಸುಮಾರು 0.28 ನ್ಯಾನೊಮೀಟರ್. ಆದುದರಿಂದ ಇಕ್ಕಟ್ಟಾದ ಓಣಿಯಲ್ಲಿ ಜನ ನಡೆಯುವಂತೆ ಇಲ್ಲಿ ಅಣುಗಳು ಒಂದರ ಹಿಂದೊಂದು ಸಾಗಬೇಕು. ಒಂದನ್ನೊಂದು ಹಿಂದೆ ಹಾಕುವಂತಿಲ್ಲ.

1978ರಲ್ಲಿ ಅಮೆರಿಕದ ರೋಸೆನ್‌ಬರ್ಗ್ ಮತ್ತು ಫಿಂಕೆಲ್‌ಸ್ಟೈನ್ ಈ ನಾಳವನ್ನು ಅಳತೆಗೆ ಒಳಪಡಿಸಿದರು. ಈ ಪ್ರಯೋಗದ ತತ್ತ್ವ ಸರಳವಾದುದು. ಕೃತಕ ಪೊರೆಯ ಎರಡು ಬದಿಗಳಲ್ಲಿಯೂ ಒಂದೇ ಲವಣದ ದ್ರಾವಣವಿರುತ್ತದೆ. ಒಂದು ಬದಿಗೆ ಮಾತ್ರ, ನಾಳದೊಳಕ್ಕೆ ನುಗ್ಗಲಾರದ ಮತ್ತೊಂದು ವಸ್ತುವನ್ನು ಕರಗಿಸುತ್ತಾರೆ. ಆಗ ನೀರು ಆ ಬದಿಗೆ ಹರಿಯತೊಡಗುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಹರಿಯುವ ನೀರಿನ ಸಾಲು ಧನ ಅಯಾನುಗಳನ್ನೂ ತಳ್ಳಿಕೊಂಡು ಹೋಗುವುದರಿಂದ ಎರಡು ಬದಿಗಳ ನಡುವೆ ವಿಭವಾಂತರ ಉಂಟಾಗುತ್ತದೆ. ಇದೇ ಪ್ರವಾಹ ವಿಭವ.

ಒಂದು ಕಿಲೋಗ್ರಾಂ ನೀರಿಗೆ ಒಂದು ಮೋಲ್ ಕಣಗಳಷ್ಟು ವ್ಯತ್ಯಾಸವಿದ್ದರೆ, ಅಯಾನಿನೊಡನೆ ಸಾಗುವ ಪ್ರತಿಯೊಂದು ನೀರಿನ ಅಣುವಿಗೂ ಸುಮಾರು 0.46 ಮಿಲಿವೋಲ್ಟ್ ವಿಭವ ಉಂಟಾಗಬೇಕೆಂದು ಲೆಕ್ಕ ಹೇಳುತ್ತದೆ. ಅಳತೆಯಲ್ಲಿ ದೊರೆತುದು ಸುಮಾರು 3 ಮಿಲಿವೋಲ್ಟ್. 3ನ್ನು 0.46ರಿಂದ ಭಾಗಿಸಿದರೆ ಸುಮಾರು 6.5 ಬರುತ್ತದೆ. ಎಂದರೆ ಪ್ರತಿಯೊಂದು ಅಯಾನಿನೊಡನೆ ಆರು ಅಥವಾ ಏಳು ನೀರಿನ ಅಣುಗಳು ಸಾಗುತ್ತವೆ.

ನಮ್ಮ ನರಗಳಲ್ಲಿರುವಂತಹ ಪೊಟ್ಯಾಸಿಯಂ ನಾಳಗಳ ಸಂಗತಿ ಇಷ್ಟು ಸುಲಭವಾಗಿಲ್ಲ. ಬ್ಯಾಕ್ಟೀರಿಯದ ಇಂತಹ ನಾಳವೊಂದರ ರಚನೆಯನ್ನು ರೋಡರಿಕ್ ಮ್ಯಾಕಿನನ್ 1998ರಲ್ಲಿ ತೋರಿಸಿಕೊಟ್ಟರು. 2003ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ನಾಳದ ಪ್ರವಾಹ ವಿಭವವನ್ನು 2011ರಲ್ಲಿ ಜಪಾನಿನ ವಿಜ್ಞಾನಿಗಳು ಅಳೆದರು. ಪೊಟ್ಯಾಸಿಯಂ ಹೇರಳವಾಗಿದ್ದಾಗ ಅಯಾನಿಗೆ ಸುಮಾರು ಒಂದು ಅಣು, ವಿರಳವಾಗಿದ್ದಾಗ ಸುಮಾರು ಎರಡು ಅಣು ನೀರು ಎಂದು ತಿಳಿದುಬಂತು. ಆದರೆ ಅಯಾನುಗಳು ನಡುವೆ ನೀರಿಲ್ಲದೆಯೇ ಒಂದನ್ನೊಂದು ತಳ್ಳಿಕೊಂಡು ಹೋಗುತ್ತವೆಂದು 2014ರಲ್ಲಿ ಬೇರೆ ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ವಾದಿಸಿದರು.

ಎರಡು ಪಕ್ಷಗಳಲ್ಲಿಯೂ ಸಮರ್ಥರಿದ್ದಾರೆ. ಇಂತಹ ವಿವಾದ ಹಿರಿಯರ ಹೆಸರಿನಿಂದ ತೀರುವುದಿಲ್ಲ. ಇನ್ನೂ ನಿಖರವಾದ ಅಳತೆಯಿಂದ ಮಾತ್ರ ತೀರುತ್ತದೆ.

ಅಭ್ಯಾಸ
1. ಅಯಾನುಗಳು ಕೋಶಪೊರೆಯನ್ನು ನೇರವಾಗಿ ದಾಟಲಾರವು. ಏಕೆ?
2. ಪ್ರವಾಹ ವಿಭವ ಹೇಗೆ ಉಂಟಾಗುತ್ತದೆ?
3. ಅದೇ ಪ್ರಯೋಗದಲ್ಲಿ ಬೇರೊಂದು ನಾಳ 0.92 ಮಿಲಿವೋಲ್ಟ್ ತೋರಿಸಿದರೆ, ಪ್ರತಿ ಅಯಾನಿನೊಡನೆ ಎಷ್ಟು ನೀರಿನ ಅಣುಗಳು ಸಾಗಿದಂತಾಯಿತು?