ಜಂಟಿ ಸಂಶೋಧನೆಗೆ ಅನುದಾನ: ಅರ್ಧ ಪಾಲು ನಮ್ಮದೇ

ಎರಡು ದೇಶಗಳ ಉದ್ದಿಮೆಗಳು ಕೂಡಿ ಹೊಸ ಉತ್ಪನ್ನ ರೂಪಿಸಲು ಸರ್ಕಾರಗಳು ನೀಡುವ ಅನುದಾನವನ್ನು ಅನೇಕರು ಉಚಿತ ಹಣವೆಂದೇ ಭಾವಿಸುತ್ತಾರೆ. ವಾಸ್ತವ ಬೇರೆ. ಇದನ್ನರಿಯಲು ಬರ್ಡ್ ಪ್ರತಿಷ್ಠಾನದ ಪದ್ಧತಿ ಉತ್ತಮ ಪಾಠವಾಗಿದೆ.

ಅಮೆರಿಕ ಮತ್ತು ಇಸ್ರೇಲ್ ಸರ್ಕಾರಗಳು 1977ರಲ್ಲಿ ಇದನ್ನು ಸ್ಥಾಪಿಸಿದವು. ಉಭಯ ದೇಶಗಳ ಸಂಸ್ಥೆಗಳು ಜೊತೆಗೂಡಿಯೇ ಅರ್ಜಿ ಸಲ್ಲಿಸಬೇಕು. ಯೋಜನಾ ವೆಚ್ಚದ ಶೇ. 50ರವರೆಗೆ ಮಾತ್ರ ನೆರವು ದೊರೆಯುತ್ತದೆ; ಉಳಿದುದನ್ನು ಪಾಲುದಾರರೇ ಭರಿಸಬೇಕು. ಉತ್ಪನ್ನದಿಂದ ಆದಾಯ ಬಂದರೆ ಅನುದಾನವನ್ನು ಮರುಪಾವತಿಸಬೇಕು. ಯೋಜನೆ ವಿಫಲವಾದರೆ ಆ ಹೊಣೆಯಿಲ್ಲ. ಅಂದರೆ ಪ್ರತಿಷ್ಠಾನವು ನಷ್ಟದ ಅಪಾಯವನ್ನು ಹಂಚಿಕೊಳ್ಳುತ್ತದೆಯೇ ಹೊರತು ಉದ್ದಿಮೆಯ ಒಡೆತನವನ್ನಲ್ಲ.

ಭಾರತ ಮತ್ತು ಇಸ್ರೇಲ್ ಸಹ 2017ರಲ್ಲಿ ಕೈಗಾರಿಕಾ ಸಂಶೋಧನೆಗಾಗಿ ಜಂಟಿ ನಿಧಿಯೊಂದನ್ನು ಪ್ರಕಟಿಸಿದವು: ಐದು ವರ್ಷಗಳಿಗೆ 4 ಕೋಟಿ ಡಾಲರ್, ಎರಡೂ ದೇಶಗಳದು ಸಮಪಾಲು.

ಇಂತಹ ಅರ್ಜಿಗೆ ಮುನ್ನ ಸಣ್ಣ ಉದ್ದಿಮೆದಾರರು ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು.

1. ಸ್ವಂತ ಪಾಲು: ನಮ್ಮ ಕಡೆಯ ಕೆಲಸಕ್ಕೆ 60 ಲಕ್ಷ ರೂ. ತಗುಲಿ ಅರ್ಧದಷ್ಟು ನೆರವು ದೊರೆತರೂ 30 ಲಕ್ಷ ರೂ.ಗಳನ್ನು ನಾವೇ ಹೊಂದಿಸಬೇಕು. ಇದನ್ನು ದುಡಿಯುವ ಬಂಡವಾಳದಿಂದ ತೆಗೆದರೆ ಕಚ್ಚಾ ಸಾಮಗ್ರಿ ಖರೀದಿಗೂ ಕಾರ್ಮಿಕರ ವೇತನಕ್ಕೂ ಅಡಚಣೆಯಾದೀತು.

2. ಒಪ್ಪಂದ: ಬೌದ್ಧಿಕ ಆಸ್ತಿ ಯಾರದು, ಯಾವ ಮಾರುಕಟ್ಟೆಯಲ್ಲಿ ಯಾರು ಮಾರಬೇಕು ಎಂಬುದು ಮೊದಲೇ ಲಿಖಿತವಾಗಿರಲಿ.

3. ಲೆಕ್ಕಪತ್ರ: ಯೋಜನೆಯ ಖರ್ಚಿಗೆ ಪ್ರತ್ಯೇಕ ಲೆಕ್ಕವಿರಲಿ. ರಶೀದಿಯಿಲ್ಲದ ಖರ್ಚು ಅನುದಾನದ ಲೆಕ್ಕಕ್ಕೆ ಬಾರದು.

ಮಂಜೂರಾತಿ ಪತ್ರ ಕೈಸೇರುವ ಮೊದಲೇ ಅನುದಾನವನ್ನು ನಂಬಿ ಸಾಲ ಮಾಡುವುದು ವಿವೇಕವಲ್ಲ. ನೆರವಿಲ್ಲದಿದ್ದರೂ ಕೈಗೊಳ್ಳಲು ಯೋಗ್ಯವೆನಿಸುವ ಯೋಜನೆಗೇ ನೆರವು ಕೋರುವುದು ಲೇಸು.