ಕುರ್ಚಿಗೆ ಓದಿಸಬೇಕಾದ ಫಲಕ

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಬಂದವರನ್ನು ನಾನು ಮೊದಲು ಕೇಳುವುದು ಒಂದೇ: ಭರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿದ್ದೀರಾ? ಡೊಳ್ಳು, ಮೈಕು, ಭಂಡಾರದ ಘಾಟು, ಮಹಾರಾಷ್ಟ್ರದಿಂದ ಬಂದ ಗಾಡಿಗಳ ಹಾರ್ನು, ಮೈಗೆ ಮೈ ತಾಗುವ ಮಂದಿ. ಅರ್ಧ ತಾಸಿಗೆ ತಲೆ ಗಿಮ್ಮೆನ್ನುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸಾದಾ ಕೋಣೆಯೂ ಹಾಗೇ. ಕಿರುಗುಟ್ಟುವ ಫ್ಯಾನು, ಮಿಣುಕುವ ಟ್ಯೂಬ್‌ಲೈಟು, ಫರಸಿ ಮೇಲೆ ಎಳೆದ ಕಬ್ಬಿಣದ ಕುರ್ಚಿ. ನಮ್ಮ ಮಿದುಳು ಇವನ್ನೆಲ್ಲ ಬದಿಗೆ ಸರಿಸಿಬಿಡುತ್ತದೆ, ಅವರದಕ್ಕೆ ಆಗುವುದಿಲ್ಲ. ಆಗ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ, ಕೂಗುತ್ತಾನೆ. ಅದು ಹಟವಲ್ಲ, ತಾಯಿ ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. (ಎಲ್ಲರೂ ಹೀಗೇ ಎಂದುಕೊಳ್ಳಬೇಡಿ, ಡೊಳ್ಳಿನ ಪಕ್ಕದಲ್ಲೇ ನಿಲ್ಲಬೇಕೆನ್ನುವ ಮಗುವೂ ಉಂಟು.)

ಗೋಡೆಯ ಮೇಲಿನ 'ನಿಶ್ಶಬ್ದವಾಗಿರಿ' ಫಲಕವನ್ನು ನಾವು ಮನುಷ್ಯರಿಗೇ ಓದಿಸುತ್ತೇವೆ. ನನ್ನನ್ನು ಕೇಳಿದರೆ ಮೊದಲು ಕುರ್ಚಿಗೆ ಓದಿಸಬೇಕು. ಹಳೇ ಸೈಕಲ್ ಟ್ಯೂಬು ಕತ್ತರಿಸಿ ನಾಲ್ಕೂ ಕಾಲಿಗೆ ಕಟ್ಟಿ. ಫ್ಯಾನಿಗೆ ಎಣ್ಣೆ ಬಿಡಿಸಿ. ಕಿಟಕಿ ಬೆಳಕು ಸಾಕಾಗುವ ಹೊತ್ತಿನಲ್ಲಿ ಟ್ಯೂಬ್‌ಲೈಟು ಆರಿಸಿ. ಇಷ್ಟಕ್ಕೆ ಯಾವ ಅನುದಾನವೂ ಬೇಡ.

ಇನ್ನು ಮಾತು. "ತಮ್ಮಾ, ನಿನ್ನ ಹೆಸರೇನಪಾ?" ಎಂದರೆ ಅವನೂ "ಹೆಸರೇನಪಾ" ಎನ್ನಬಹುದು. ಅಣಕಿಸುತ್ತಿದ್ದಾನೆ ಎಂದು ಸಿಟ್ಟಾಗಬೇಡಿ. ಕೇಳಿದ ಮಾತನ್ನೇ ಮರಳಿ ಹೇಳುವುದು ಅವನ ಉತ್ತರವೂ ಆಗಿರಬಹುದು, ಯೋಚಿಸಲು ತೆಗೆದುಕೊಂಡ ಸಮಯವೂ ಆಗಿರಬಹುದು. ಮನಸ್ಸಿನಲ್ಲೇ ಹತ್ತು ಎಣಿಸಿ, ಎರಡು ಪುಸ್ತಕ ಮುಂದಿಡಿ. ಮುಖ ನೋಡಲಿಲ್ಲವೆಂದು ಗಲ್ಲ ಹಿಡಿದು ತಿರುಗಿಸಬೇಡಿ, ಅವನು ಕೇಳಿಸಿಕೊಳ್ಳುತ್ತಲೇ ಇರುತ್ತಾನೆ. ಓದದೆ ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಕೂತರೆ ಕೂರಲಿ. ಸಂಜೆ ನೀವು ಸರಿಮಾಡಿಕೊಂಡರಾಯಿತು.

ಹೊಸ ಜಾಗದ ಅಂಜಿಕೆ ಕಳೆಯಲು ಒಂದು ಸುಲಭದ ದಾರಿಯಿದೆ. ಬಾಗಿಲು, ಚಪ್ಪಲಿ ಬಿಡುವ ಜಾಗ, ಮಕ್ಕಳ ಕಪಾಟು, ನಿಮ್ಮ ಮುಖ, ಇವುಗಳ ಫೋಟೋ ತೆಗೆದು ಅದೇ ಕ್ರಮದಲ್ಲಿ ಹಿಂದಿನ ದಿನ ತಾಯಿಯ ವಾಟ್ಸಾಪ್‌ಗೆ ಕಳಿಸಿ. ಇಂಗ್ಲೆಂಡ್, ಅಮೆರಿಕದ ಹಲವು ಗ್ರಂಥಾಲಯಗಳು ಇಂಥ ಚಿತ್ರಗಳನ್ನು ಮೊದಲೇ ಕೊಡುತ್ತವೆ, ಸದ್ದು ಬೆಳಕು ತಗ್ಗಿಸಿದ ಹೊತ್ತನ್ನೂ ಗೊತ್ತುಮಾಡುತ್ತವೆ.

ಮಕ್ಕಳು ಬೆಳೆಯುತ್ತಾರೆ ಎಂಬುದನ್ನೇ ನಾವು ಮರೆಯುತ್ತೇವೆ. ಮೂವತ್ತು ದಾಟಿದವರೊಬ್ಬರು ದಿನಾ ಅದೇ ಮೂಲೆಯ ಕುರ್ಚಿ, ಅದೇ ಪತ್ರಿಕೆ ಬೇಕೆಂದರೆ ಇಟ್ಟುಕೊಡಿ. ಅವರನ್ನು "ರೀ" ಎಂದೇ ಕರೆಯಿರಿ, ಪಾಪ ಎನ್ನಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅದಕ್ಕೂ ಹಳೆಯದು ನಮ್ಮದೇ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಅದರಂತೆ ಮನೆ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಬೀಳುತ್ತದೆ. ಮಗನನ್ನು ಬಾಗಿಲಿಂದಲೇ ವಾಪಸು ಕರೆದೊಯ್ಯುವ ತಾಯಿಯ ಮನೆಯವರೂ ಅದನ್ನು ಕಟ್ಟುತ್ತಾರೆ.